ಚೀಲದ ಮುಖ

ಚಿಪ್ಸ್ ಕಾರ್ಖಾನೆಯ ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ರಾವಿಯಾ ಬೆಳಿಗ್ಗೆ ಏಳಕ್ಕೇ ಎಣ್ಣೆ ಕಾಯಲು ಇಡುತ್ತಿದ್ದಳು. ಬಂದ ಪ್ರತಿ ಲಾರಿಯಿಂದ ಹತ್ತು ಆಲೂಗಡ್ಡೆ ತೆಗೆದು, ತೆಳ್ಳಗೆ ಹೆಚ್ಚಿ, ಕರಿದು, ಬಣ್ಣ ನೋಡುವುದು ಅವಳ ಕೆಲಸ. ಹೊಂಬಣ್ಣ ಬಂದರೆ ಲಾರಿ ಒಳಗೆ, ಕಂದಾದರೆ ವಾಪಸ್ಸು. ಬುಹೈರಾ ಸೀಮೆಯ ರೈತರು ಅವಳ ಬಾಣಲೆಗೆ ಹೆದರುತ್ತಿದ್ದರು. ಅದನ್ನು ಏಮಾರಿಸುವುದನ್ನೂ ಅಷ್ಟೇ ಚೆನ್ನಾಗಿ ಕಲಿತಿದ್ದರು.

ಚೀಲಕ್ಕೊಂದು ಮುಖ ಮಾಡುವುದು ಅಲ್ಲಿನ ರೂಢಿ. ಚೀಲದಲ್ಲಾಗಲಿ ಲಾರಿಯಲ್ಲಾಗಲಿ, ಒಳ್ಳೆಯದು ಮೇಲೆ, ಉಳಿದದ್ದು ಕೆಳಗೆ. ಇದನ್ನು ಮೋಸ ಎಂದರೆ ಊರು ನಗುತ್ತಿತ್ತು. ಮದುವೆಗೆ ಹೋಗುವವರು ಒಳ್ಳೆ ಬಟ್ಟೆ ತೊಡುವುದಿಲ್ಲವೇ ಎಂದು ಕೇಳುತ್ತಿತ್ತು.

ಆ ದಿನ ಸಾಲಿನ ಮೊದಲ ಲಾರಿ ಅವಳ ಸೋದರಮಾವ ಮಿತ್ವಲ್ಲಿಯದು. ತಂದೆ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನು ಅವನೇ. ಊರಿನ ನಲವತ್ತು ರೈತರ ಪರವಾಗಿ ಕಾರ್ಖಾನೆಯ ಒಪ್ಪಂದಕ್ಕೆ ಜಾಮೀನು ನಿಂತವನೂ ಅವನೇ. ಹಿಂದಿನ ವಾರ ಆ ಊರಿನಿಂದ ಬಂದು ಒಳಗೆ ಹೋಗಿದ್ದ ಎರಡು ಲಾರಿ ಮಾಲು ಕರಿದಾಗ ಕಪ್ಪಾಗಿತ್ತು. ಇನ್ನೊಮ್ಮೆ ಹೀಗಾದರೆ ಆ ಊರಿನ ಗಡ್ಡೆಯನ್ನೇ ಕೊಳ್ಳುವುದಿಲ್ಲವೆಂದು ವ್ಯವಸ್ಥಾಪಕರು ಖಡಾಖಂಡಿತವಾಗಿ ಹೇಳಿದ್ದರು.

ರಾವಿಯಾ ಮೇಲಿನ ಚೀಲಗಳನ್ನು ಬಿಟ್ಟು ತಳದ ಚೀಲವನ್ನು ಎಳೆಸಿದಳು. ಗಡ್ಡೆಗಳ ಸಿಪ್ಪೆ ಅಲ್ಲಲ್ಲಿ ಸುಲಿದು ಗಾಯ ಒಣಗಿತ್ತು. ಆಗಸ್ಟಿನ ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿದ್ದವು. ಬಲಿಯುವ ಮೊದಲೇ ಅಗೆದು, ಬಿತ್ತನೆ ಗಡ್ಡೆ ಇಡುವ ನಾಲ್ಕು ಡಿಗ್ರಿಯ ಶೀತಲಗೃಹದಲ್ಲಿ ಇಟ್ಟ ಮಾಲು ಅದು. ಅಷ್ಟು ಚಳಿಯಲ್ಲಿ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಕಾದ ಎಣ್ಣೆಗೆ ಬಿದ್ದರೆ ಕಪ್ಪಾಗುತ್ತದೆ.

“ಮೇಲಿನ ಚೀಲ ಕಣ್ಣಿಗೆ ಕಾಣ್ಲಿಲ್ವೇನಮ್ಮಾ?” ಎಂದ ಮಿತ್ವಲ್ಲಿ.

“ಕಾಣ್ತು ಮಾವ. ಅದು ಬಲಿತದ್ದು, ನವ್ವಾಲದ ಕೊಟ್ಟಿಗೇಲಿ ಇಟ್ಟಿದ್ದು. ಇದನ್ನ ಯಾಕೆ ಹೀಗೆ ಮಾಡಿದ್ರಿ?”

ಅವನು ಮುಚ್ಚಿಡಲಿಲ್ಲ. ಭತ್ತದ ನಾಟಿಗೆ ಕಾಲುವೆ ನೀರಿನ ಸರದಿ ಬಂದಿತ್ತು, ಹೊಲ ತೆರವಾಗಲೇಬೇಕಿತ್ತು; ಹೆಚ್ಚಿನ ಪಾಲನ್ನು ಇಪ್ಪತ್ತು ದಿನ ಮೊದಲೇ ಅಗೆಸಿದ. ನವ್ವಾಲದ ನೆರಳಲ್ಲಿ ಹುಲ್ಲು ಹೊದಿಸಿಟ್ಟ ಗಡ್ಡೆಯಲ್ಲಿ ಮೂರನೇ ಒಂದು ಪಾಲನ್ನು ಹೋದ ವರ್ಷ ಹುಳು ತಿಂದಿತ್ತು; ಅದಕ್ಕೇ ಈ ಸಲ ಎಳೆಯದನ್ನು ಶೀತಲಗೃಹಕ್ಕೆ ಹಾಕಿದ. ಅದು ಸುಳ್ಳಲ್ಲ. ಆ ಕೊಳೆತ ಗಡ್ಡೆಗಳನ್ನು ಆರಿಸಿ ಎಸೆದವರಲ್ಲಿ ರಾವಿಯಾಳೂ ಇದ್ದಳು.

“ಎಲ್ರೂ ಮಾಡೋದನ್ನೇ ಮಾಡಿದೀನಿ. ನಾನು ಓದಿಸಿದ ಹುಡುಗಿ, ನೀನೇ ನನ್ನ ಮರ್ಯಾದೇನ ಬಾಣಲೆಗೆ ಹಾಕ್ತೀಯಾ?”

“ಎಲ್ರೂ ಮಾಡ್ತಿರೋದ್ರಿಂದ್ಲೇ ಊರಿಗೆ ಈ ಗತಿ ಬಂದಿದೆ. ಬಲಿತ ಗಡ್ಡೆ ಆಗಿದ್ರೆ ಮೂರು ವಾರ ಬೆಚ್ಚಗೆ ಹರವಿ ತನ್ನಿ ಅಂತಿದ್ದೆ, ಸಕ್ಕರೆ ಇಳೀತಿತ್ತು. ಎಳೇದು ಅಷ್ಟು ಸುಲಭಕ್ಕೆ ಸರಿಹೋಗಲ್ಲ. ಇವತ್ತು ನಿಮ್ಮ ಲಾರಿ ಒಳಗೆ ಬಿಟ್ರೆ, ನಾಳೆಯಿಂದ ಊರಿನ ಒಂದು ಚೀಲಾನೂ ಈ ಗೇಟು ದಾಟಲ್ಲ ಮಾವ.”

ಅವಳು ಹತ್ತು ಗಡ್ಡೆ ಹೆಚ್ಚಿ ಹೋಳುಗಳನ್ನು ಎಣ್ಣೆಗೆ ಬಿಟ್ಟಳು. ಮೂರು ನಿಮಿಷಕ್ಕೆ ಅವು ಕಂದಾಗಿ, ಅಂಚು ಕಪ್ಪಾದವು. ಅವನ್ನು ತಟ್ಟೆಗೆ ಹಾಕಿ ಮಾವನ ಮುಂದಿಟ್ಟು, ಚೀಟಿಯಲ್ಲಿ ‘ವಾಪಸ್ಸು’ ಎಂದು ಬರೆದು ಸಹಿ ಹಾಕಿದಳು. ಇನ್ನು ಮಾವನ ಮನೆಯ ಹೊಸ್ತಿಲು ತುಳಿಯಲು ಬಿಡುತ್ತಾರೋ ಇಲ್ಲವೋ ಎಂದು ಅಳು ಒತ್ತಿ ಬಂತು.

ಮಿತ್ವಲ್ಲಿ ಒಂದು ಹೋಳು ಬಾಯಿಗೆ ಹಾಕಿಕೊಂಡ. ಕಹಿ. ಕಷ್ಟಪಟ್ಟು ನುಂಗಿ ತಟ್ಟೆ ಎತ್ತಿಕೊಂಡ. ಬಿಸಾಡಿಯೇ ಬಿಡುತ್ತಾನೆಂದು ಅವಳು ಕಣ್ಣು ಮುಚ್ಚಿದಳು.

ಅವನು ಹೊರಗೆ ನಡೆದ. ಹಿಂದೆ ನಿಂತಿದ್ದ ಏಳು ಲಾರಿಗಳೂ ಅವನ ಊರಿನವೇ. ಮೊದಲನೆಯದರ ಕಿಟಕಿಗೆ ತಟ್ಟೆ ಚಾಚಿದ.

“ನನ್ನ ಗಡ್ಡೆ ಕಣೋ ಇದು. ತಿಂದು ನೋಡು. ನಿನ್ನದೂ ಇಂಥದ್ದೇ ಆಗಿದ್ರೆ ಈಗ್ಲೇ ತಿರುಗಿಸು. ಜಾಮೀನು ನಿಂತವನ ಲಾರೀನೇ ವಾಪಸ್ ಹೋಗ್ತಿದೆ.”

ಒಂದೊಂದು ಲಾರಿಯ ಹತ್ತಿರವೂ ನಿಂತು ಅದನ್ನೇ ಹೇಳಿದ. ಮೂರು ಲಾರಿಗಳು ಸಾಲಿನಿಂದ ಹೊರಬಂದು ಊರ ಕಡೆ ತಿರುಗಿದವು. ನಾಲ್ಕನೆಯ ಲಾರಿಯವನು ಹಿಂದಿನ ಹಲಗೆ ಬಿಚ್ಚಿ, ತಳದ ಚೀಲವೊಂದನ್ನು ತಾನೇ ಹೊತ್ತು ತಂದು ರಾವಿಯಾಳ ಬಾಗಿಲಲ್ಲಿ ಇಳಿಸಿದ.