ಬೀಗವಿಲ್ಲದ ಮನೆ

ಬೇಸಿಗೆ ಬಂತೆಂದರೆ ಗ್ಲೆನ್‌ಡೂ ಊರಿನವರೆಲ್ಲ ದನ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದರು. ಮೇಲಿನ ಹುಲ್ಲುಗಾವಲಲ್ಲಿ ಗುಡಿಸಲು ಹಾಕಿ, ಬೆಣ್ಣೆ ಕಡೆದು, ಓಟ್ಸ್ ಕೊಯ್ಲಿಗೆ ಬರುವ ಹೊತ್ತಿಗೆ ಇಳಿದು ಬರುತ್ತಿದ್ದರು. ಹೋಗುವಾಗ ಯಾರೂ ಬೀಗ ಹಾಕುತ್ತಿರಲಿಲ್ಲ. ಬೀಗ ಇದ್ದರಲ್ಲವೇ ಹಾಕುವುದು? ದಾರಿಹೋಕರು ಮಳೆಯಲ್ಲಿ ನೆನೆಯಬಾರದೆಂದು ಬಾಗಿಲು ತೆರೆದಿಟ್ಟು, ಗೂಡಿನಲ್ಲಿ ಒಣ ರೊಟ್ಟಿಯನ್ನೂ ಒಂದು ಗಡಿಗೆ ಬೆಣ್ಣೆಯನ್ನೂ ಇಟ್ಟು ಹೋಗುತ್ತಿದ್ದರು. ಬಂದವನು ಉಂಡು ಕೈ ತೊಳೆಯುವವರೆಗೆ ಅವನ ಹೆಸರನ್ನು ಕೂಡ ಕೇಳುವಂತಿರಲಿಲ್ಲ. ಕೇಳಿದರೆ ಮನೆತನದ ಮಾನವೇ ಹೋದಂತೆ.

ಆ ವರ್ಷ ಗೋರ್ಮ್ಲಾ ಉಪ್ಪು ಒಯ್ಯಲೆಂದು ಗುಡ್ಡ ಇಳಿದು ಬಂದಾಗ, ಅವಳ ಮನೆಯೊಳಗೆ ಒಬ್ಬ ಇಂಗ್ಲಿಷ್ ದೊರೆ ಹಗ್ಗ ಹಿಡಿದು ಗೋಡೆ, ಜಂತೆ ಎಲ್ಲ ಅಳೆಯುತ್ತಿದ್ದ. ಪಕ್ಕದಲ್ಲಿ ಪಿಯರ್ಸ್ ಎಂಬ ದುಭಾಷಿ, ಡಬ್ಲಿನ್ ಕಡೆಯವನು. ಅವಳ ಕಣ್ಣು ಮೊದಲು ಹೋದದ್ದು ಗೂಡಿಗೆ. ರೊಟ್ಟಿ ಖಾಲಿಯಾಗಿತ್ತು, ಗಡಿಗೆಯನ್ನು ತಳದವರೆಗೆ ಬಳಿದಿದ್ದರು. ಅವಳಿಗೆ ಸಂತೋಷವೇ ಆಯಿತು.

"ಹೊಟ್ಟೆ ತುಂಬ್ತೇನಪ್ಪಾ?"

"ತುಂಬ್ತವ್ವಾ," ಅಂದ ಪಿಯರ್ಸ್. "ರಾತ್ರಿ ಎಂಥಾ ಮಳೆ! ಬಾಗಿಲು ತೆಗೆದಿದ್ದಕ್ಕೆ ಬದುಕಿದ್ವಿ."

"ಉಂಡಾಯ್ತಲ್ಲ, ಇನ್ನು ಕೇಳಬಹುದು. ಯಾರು ನೀವು? ಈ ಪುಣ್ಯಾತ್ಮ ನನ್ನ ಮನೆಗೆ ಅಂಗಿ ಹೊಲಿಸ್ತಾನಾ, ಅಳತೆ ತಗೋತಿದಾನೆ?"

ಪಿಯರ್ಸ್ ನಗಲಿಲ್ಲ. "ನಿಮ್ಮ ಅರಸರು ದೇಶ ಬಿಟ್ಟು ಹಡಗು ಹತ್ತಿ ಓಡಿಹೋದ್ರಲ್ಲ, ಅವರ ಸೀಮೆ ಈಗ ಇಂಗ್ಲೆಂಡ್ ರಾಜಂದು. ಜನ ಇರೋ ಊರು ಯಾವುದು, ಪಾಳು ಯಾವುದು ಅಂತ ಬರ್ಕೊಳ್ತಿದೀವಿ. ಪಾಳಾಗಿರೋದನ್ನ ಅಲ್ಲಿಂದ ಬರೋರಿಗೆ ಹಂಚ್ತಾರೆ."

"ನಮ್ಮೂರನ್ನ ಏನಂತ ಬರ್ಕೊಂಡ್ರಿ?"

"ಪಾಳು ಅಂತ."

ಉಂಡ ಮನೆಯ ಜಂತೆ ಎಣಿಸುವವರನ್ನು ಗೋರ್ಮ್ಲಾ ಕಂಡಿದ್ದಳು. ಉಂಡು, ಮಲಗಿ, ಜಂತೆಯನ್ನೂ ಅಳೆದು, ಇಲ್ಲಿ ಯಾರ ಮನೆಯೂ ಇಲ್ಲವೆಂದು ಬರೆಯುವವನನ್ನು ಕಂಡದ್ದು ಅದೇ ಮೊದಲು. ಅವಳ ಮೈಯೆಲ್ಲ ಉರಿದುಹೋಯಿತು.

"ಪಾಳು ಮನೇಲಿ ಬೆಣ್ಣೆ ಯಾರಿಟ್ಟಿದ್ರು ಅಂತ ಕೇಳು. ದೆವ್ವ ಬಂದು ಕಡೆದಿತ್ತಾ?"

ಪಿಯರ್ಸ್ ಕೇಳಿದ. ದೊರೆ ತಲೆಯೆತ್ತದೆ ಏನೋ ಅಂದ.

"ಒಲೆ ತಣ್ಣಗಿದೆ, ಜನ ಇಲ್ಲ, ಬಾಗಿಲು ಹಾರುಹೊಡೆದಿದೆ ಅಂತಾರೆ. ದನದ ಬಾಲ ಹಿಡ್ಕೊಂಡು ಅಲೆಯೋರಿಗೆ ನೆಲ ಎಲ್ಲಿಂದ ಬಂತು ಅಂತಾರೆ."

"ಎಲ್ರೂ ಗುಡ್ಡದ ಮೇಲಿದಾರೆ ಕಣಪ್ಪಾ. ಈಗಲೇ ಕರ್ಕೊಂಡು ಬರ್ತೀನಿ, ಕಣ್ಣಾರೆ ನೋಡ್ಲಿ."

"ಬಂದ್ರೆ, ನಿನ್ನೆ ಇರ್ಲಿಲ್ಲ, ಇವತ್ತು ನುಗ್ಗಿದಾರೆ ಅಂತ ಬರೀತಾರವ್ವಾ."

ಗೋರ್ಮ್ಲಾ ಸೊಂಟದ ಮೇಲೆ ಕೈಯಿಟ್ಟಳು. "ಇವನ ಮನೆ ಎಲ್ಲಿದೆ?"

"ಇಂಗ್ಲೆಂಡಲ್ಲಿ, ಡೆವನ್ ಸೀಮೇಲಿ."

"ಈಗ ಅಲ್ಲಿ ಯಾರಿದಾರೆ?"

ಪಿಯರ್ಸ್ ಕೇಳಿ ಹೇಳಿದ. "ಯಾರೂ ಇಲ್ವಂತೆ. ಹೆಂಡತಿ ತವರಿಗೆ ಹೋಗಿದಾಳಂತೆ."

"ಒಲೇನೂ ತಣ್ಣಗೇ ಇರುತ್ತಲ್ಲ, ಹಾಗಾದ್ರೆ ಅದೂ ಪಾಳೇ. ನನ್ನ ಮೈದುನ ಕಹಿರ್‌ನ ಕಳಿಸ್ತೀನಿ, ಅವನೂ ಒಂದು ಹಗ್ಗ ತಗೊಂಡು ಹೋಗಿ ಅಳೀಲಿ. ಹೇಳು ಇವನಿಗೆ. ಮಾತು ನುಂಗ್ಬೇಡ, ಹೇಳು."

ಪಿಯರ್ಸ್ ಹೇಳಿದ. ದೊರೆ ಆಗ ಮೊದಲ ಸಲ ಅವಳ ಮುಖ ನೋಡಿದ. ನಕ್ಕು, ಜೇಬಿನಿಂದ ಉದ್ದನೆಯ ಕಬ್ಬಿಣದ ಬೀಗದಕೈ ತೆಗೆದು ತೋರಿಸಿ, ಮತ್ತೆ ಒಳಗಿಟ್ಟುಕೊಂಡ. ಅದಕ್ಕೆ ದುಭಾಷಿಯೇ ಬೇಕಾಗಲಿಲ್ಲ. ಜೇಬಿನಲ್ಲಿ ಅಷ್ಟು ಕಬ್ಬಿಣವಿದ್ದರೆ ಖಾಲಿ ಮನೆಯೂ ಮನೆ; ಬಂದವರಿಗೆ ಬೆಣ್ಣೆ ಇಟ್ಟ ತಪ್ಪಿಗೆ ಇಡೀ ಊರೇ ಪಾಳು. ಇಂಥವರು ಅಲ್ಲಿನ ಜನಕ್ಕೆ ನಾಗರಿಕತೆ ಕಲಿಸಲು ಬಂದವರಂತೆ!

ಹಗ್ಗ ಸುತ್ತುತ್ತಾ ದೊರೆ ಇನ್ನೇನೋ ಹೇಳಿದ. ಈ ಸಲ ಪಿಯರ್ಸ್ ನೆಲ ನೋಡಿದ.

"ಏನಂತೆ?"

"ಬರೋ ವರ್ಷ ಸಮುದ್ರದಾಚೆ ವರ್ಜೀನಿಯಾ ಅಂತಿದೆ, ಅಲ್ಲಿಗೆ ಹೋಗ್ತಾರಂತೆ. ಅಲ್ಲಿನ ಜನಾನೂ ಬೇಟೆ ಕಾಲದಲ್ಲಿ ಊರು ಬಿಟ್ಟು ಕಾಡಿಗೆ ಹೋಗ್ತಾರಂತೆ. ಅಲ್ಲೂ ಬೀಗ ಇಲ್ವಂತೆ. ಕೆಲಸ ಇಲ್ಲೇ ಕಲಿತಾಯ್ತು, ಅಲ್ಲಿ ಬೇಗ ಮುಗಿಯುತ್ತೆ ಅಂತಾರೆ."

"ಅಲ್ಲಿನ ಹೆಂಗಸರೂ ಇವರಿಗೆ ಊಟ ಇಡ್ತಾರಾ?"

"ಇಡ್ತಾರಂತವ್ವಾ."

ಅವರು ಕುದುರೆ ಹತ್ತಿ ಹೋದರು. ಗೋರ್ಮ್ಲಾ ಗುಡ್ಡ ಹತ್ತಲಿಲ್ಲ. ದೊರೆಯ ಮೇಲಿನ ಸಿಟ್ಟಿಗಿಂತ ತನ್ನ ಬೆಣ್ಣೆಯ ಮೇಲೆ, ತನ್ನ ತೆರೆದ ಬಾಗಿಲ ಮೇಲೆ ಹೆಚ್ಚು ಸಿಟ್ಟು ಬಂತು. ಒಲೆ ಹೊತ್ತಿಸಿದಳು. ಬಾಗಿಲು ಎಳೆದುಕೊಂಡು, ಕಡೆಗೋಲನ್ನು ಅಡ್ಡ ಕೊಟ್ಟು ಬಿಗಿದಳು.

ಉಪ್ಪು ತರಲು ಹೋದ ಅತ್ತಿಗೆ ಸಂಜೆಯಾದರೂ ಬರಲಿಲ್ಲವೆಂದು ಕಹಿರ್ ಮಳೆಯಲ್ಲೇ ಹುಡುಕಿಕೊಂಡು ಬಂದ. ಯಾವತ್ತಿನಂತೆ ಒಳಗೆ ನಡೆಯಹೋಗಿ ಬಾಗಿಲಿಗೆ ಭುಜ ಬಡಿಸಿಕೊಂಡ. ದೂಡಿದ, ತೆರೆಯಲಿಲ್ಲ.

"ಯಾರು ನೀನು?" ಒಳಗಿನಿಂದ ಗೋರ್ಮ್ಲಾ ಕೇಳಿದಳು.

ಕಹಿರ್ ಹುಟ್ಟಿದ್ದು ಅದೇ ಮನೆಯಲ್ಲಿ. ಆ ಬಾಗಿಲಲ್ಲಿ ನಿಂತು ತಾನು ಯಾರೆಂದು ಹೇಳುವ ಸಂದರ್ಭ ಅವನಿಗೆ ಎಂದೂ ಬಂದಿರಲಿಲ್ಲ. ಮಳೆಯಲ್ಲಿ ನೆನೆಯುತ್ತಾ ನಿಂತೇ ಇದ್ದ.