ವಿಭೂತಿ ಹಚ್ಚಿದ ಪ್ರೂಫ್ ನಾಣ್ಯ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕೊಟ್ಟೂರಿನ ಹಾಲೇಶಪ್ಪನವರ ಮನೆಯಲ್ಲಿ ಕಸ, ಮುಸುರೆ ಮಾಡುತ್ತಿದ್ದೆ. ಇಡೀ ದಿನದಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡುತ್ತಿದ್ದವರು ಅವರೊಬ್ಬರೇ, ಅದೂ ನಾಣ್ಯಗಳ ಬಗ್ಗೆ. ಅಂಚೆ ಗುಮಾಸ್ತರಾಗಿದ್ದ ಅವರು ಮುಂಬೈ ಟಂಕಸಾಲೆಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು, ಸಂಗ್ರಹಕ್ಕೆಂದೇ ಹೊಳಪು ಕೊಟ್ಟು ಅಚ್ಚು ಹಾಕಿದ ಪ್ರೂಫ್ ನಾಣ್ಯ ತರಿಸುತ್ತಿದ್ದರು.

"ಮೊದ್ಲು ಅಚ್ಚು ಚಲೋ ಬಂದೈತೋ ಇಲ್ಲೋ ನೋಡಾಕಂತ ಇಂಥವು ಒಂದೆರಡು ಹೊಡೀತಿದ್ರು. ಆಮ್ಯಾಲೆ ನಮ್ಮಂಥ ಹುಚ್ಚರು ಕೇಳಾಕ ಹತ್ತಿದ್ರು ನೋಡವ್ವ, ಮಾರಾಕಂತನ ಹೊಡದ್ರು."

"ನಾಕು ಬದನಿಕಾಯಿ ತರಾಕ ಬರಂಗಿಲ್ಲ, ಅದೆಂಥ ರೊಕ್ಕರಿ?" ಎಂದು ಅವರ ಹೆಂಡತಿ ಗುರುಬಸಮ್ಮ ಒಳಗಿನಿಂದಲೇ ಕೇಳುತ್ತಿದ್ದರು.

ಬೆಳ್ಳಿ ಬೆರೆತ ನೂರು ರೂಪಾಯಿಯ ನಾಣ್ಯವೊಂದಿತ್ತು. ಚಿತ್ರ ಮಂಜಿನಂತೆ, ಸುತ್ತಲಿನ ಬಯಲು ಕನ್ನಡಿಯಂತೆ. ಮುಟ್ಟಬಾರದೆಂದಿದ್ದರು. ಒಂದು ದಿನ ಯಾರೂ ಇಲ್ಲದಾಗ ಡಬ್ಬಿ ತೆರೆದು ಅದರಲ್ಲಿ ಮುಖ ನೋಡಿಕೊಂಡೆ. ಹೆಬ್ಬೆರಳು ತಗುಲಿತು. ಕೆಲವು ದಿನಗಳಲ್ಲೇ ಬೆರಳಿನ ಗೆರೆಗಳು ಕಂದು ಬಣ್ಣದಲ್ಲಿ ಮೂಡಿದವು. ಅವರು ನೋಡಿದರೆ ಮತ್ತೆಂದೂ ನನ್ನನ್ನು ಕರೆಯಲಾರರು ಎಂದು ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ಸರಿಸಿದೆ.

ದೀಪಾವಳಿಗೆ ಮುಂಚೆ ಗುರುಬಸಮ್ಮ ಬೆಳ್ಳಿ ದೀಪ, ಬಟ್ಟಲು, ಲಿಂಗವಿಡುವ ಕರಡಿಗೆ ಎಲ್ಲ ನನ್ನ ಮುಂದಿಟ್ಟು ಸಂತೆಗೆ ಹೋದರು. ನಮ್ಮಲ್ಲಿ ಬೆಳ್ಳಿಗೆ ವಿಭೂತಿಯೇ ಮದ್ದು. ಪುಡಿ ಮಾಡಿ ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ಎಂಥ ಕರಕೂ ಬಿಡುತ್ತದೆ. ಕರಡಿಗೆ ಹೊಳೆದದ್ದು ಕಂಡು ಧೈರ್ಯ ಬಂತು. ನಾಣ್ಯವನ್ನೂ ತಂದು ತಿಕ್ಕಿದೆ. ಬೆರಳಿನ ಗುರುತು ಹೋಯಿತು. ಕನ್ನಡಿಯೂ ಹೋಯಿತು. ಬಯಲ ತುಂಬ ಕೂದಲೆಳೆಯಂಥ ಗೀರುಗಳು.

ಸಂಜೆ ಹಾಲೇಶಪ್ಪನವರು ಡಬ್ಬಿ ತೆರೆದರು. ನಾಣ್ಯದ ಅಂಚಿನಲ್ಲಿ ವಿಭೂತಿ ಉಳಿದಿತ್ತು.

"ಏನ ಇದು! ದೀಪದ ಜೋಡಿ ಇದನ್ನೂ ತಿಕ್ಕೀಯೇನು? ನಿನಗ ಬುದ್ಧಿ ಐತೇನ?" ಎಂದು ಹೆಂಡತಿಯ ಮೇಲೆ ಕೂಗಿದರು.

"ನಾ ಯಾಕ ಮುಟ್ಟಲ್ರಿ ಈ ನನ್ನ ಸವತಿನ್ನ?" ಎಂದರು ಗುರುಬಸಮ್ಮ.

ಹಾಲೇಶಪ್ಪನವರು ಬೈಯುತ್ತಲೇ ಇದ್ದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಸುಮ್ಮನಿದ್ದರೆ ನಾಳೆಯೂ ನನ್ನನ್ನು ಕರೆದು ನಾಣ್ಯ ತೋರಿಸುತ್ತಾರೆ.

"ನಾನ್ರಿ. ನಾನ ತಿಕ್ಕಿದ್ದು."

ಹಾಲೇಶಪ್ಪನವರು ನನ್ನನ್ನು ನೋಡಿದರು. ಬೈಯಲಿಲ್ಲ. "ಹೊತ್ತಾತು, ಮನಿಗೆ ಹೋಗವ್ವ," ಎಂದರು.

ಗುರುಬಸಮ್ಮ ಅಂಗಳದವರೆಗೆ ಬಂದು ಪಿಸುಗುಟ್ಟಿದರು: "ಹುಚ್ಚಿ, ಸುಮ್ಕಿರಬಾರದೇನ? ನನಗೇನು ಬೈಗುಳ ಹೊಸಾವ?"

ಮರುದಿನವೂ ಕೆಲಸಕ್ಕೆ ಹೋದೆ. ನಾಣ್ಯದ ಕಪಾಟಿಗೆ ಬೀಗ ಬಿದ್ದಿತ್ತು. ಹಾಲೇಶಪ್ಪನವರು ಪೇಪರು ಓದುತ್ತಿದ್ದರು. ಕುರ್ಚಿಯ ಹತ್ತಿರ ಕಸ ಗುಡಿಸುವಾಗ, ಪೇಪರು ಇಳಿಸದೆ ಕಾಲು ಮೇಲಕ್ಕೆತ್ತಿದರು.