ಅಮ್ಮಣ್ಣಿಯಕ್ಕ ನೋಡದ ಮೀನು

ಉರ್ವದ ನಮ್ಮ ಮನೆಗೆ ಮೀನು ತರುತ್ತಿದ್ದವರು ಅಮ್ಮಣ್ಣಿಯಕ್ಕ. ಬುಟ್ಟಿ ಇಳಿಸಿ, ನಮ್ಮ ಅಂಗಳದಲ್ಲಿ ಕೂತು, ಒಂದು ಬಾಯಿ ಎಲೆ ಅಡಿಕೆ ಹಾಕಿಕೊಂಡೇ ಮುಂದಿನ ಮನೆಗೆ ಹೋಗುವುದು ಅವರ ರೂಢಿ. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಒಂದು ದಿನ ಅವರು ಹಾಗೆ ಕೂತಿದ್ದಾಗ ನಾನು ನಮ್ಮ ಕಾಲೇಜಿನ ಪ್ರವಾಸದ ಸುದ್ದಿಯನ್ನು ಅಮ್ಮನಿಗೆ ಹೇಳುತ್ತಿದ್ದೆ. ಘಟ್ಟದ ಬುಡದ ಒಂದು ಊರಿಗೆ ಹೋಗುವುದು, ಜಲಪಾತ ನೋಡುವುದು, ಬಂಡೆ ಹತ್ತುವುದು, ಕೊನೆಗೆ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳಿಗೆ ಅರಳು ಹಾಕುವುದು.

"ಆ ಮೀನನ್ನು ಯಾರೂ ಹಿಡಿಯುವುದಿಲ್ವಾ ಹೇಮಾಕ್ಷಿ?" ಅಮ್ಮಣ್ಣಿಯಕ್ಕ ಕೇಳಿದರು.

"ಇಲ್ಲ. ಕೈಯಿಂದಲೇ ತಿನ್ತಾವಂತೆ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರ ಬೆರಳು ನಿಂತಿತು. "ಇಷ್ಟು ವರ್ಷ ಮೀನು ಹೊತ್ತೆ. ನನ್ನ ಬುಟ್ಟಿಗೆ ಬಂದದ್ದೆಲ್ಲ ಕಣ್ಣು ಬಿಟ್ಟುಕೊಂಡು ಸತ್ತದ್ದೇ. ನನ್ನನ್ನು ಕಂಡು ಓಡದೆ ಹತ್ತಿರ ಬರುವ ಮೀನು ಉಂಟಾದರೆ ಒಮ್ಮೆ ನೋಡ್ಬೇಕು, ಮಾರಾಯ್ತಿ."

ಹಿರಿಯರೊಬ್ಬರು ಜೊತೆಗಿಲ್ಲದೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ ಅಮ್ಮ ಅಲ್ಲೇ ಅವರನ್ನು ಗೊತ್ತುಮಾಡಿದರು.

ಮೀನು ತಿಂದ ದಿನ ನಮ್ಮ ಕಡೆಯವರು ದೇವಸ್ಥಾನಕ್ಕೆ ಕಾಲಿಡುವುದಿಲ್ಲ. ಅಮ್ಮಣ್ಣಿಯಕ್ಕ ಎರಡು ದಿನ ಮೊದಲೇ ಮೀನು ಬಿಟ್ಟರು, ತಿನ್ನುವುದನ್ನು ಮಾತ್ರವಲ್ಲ, ಮಾರುವುದನ್ನೂ. ಶುಕ್ರವಾರ ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಬಸ್ಸಿನ ಹತ್ತಿರ ಬಂದಾಗ ಅವರ ಮೈಯಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ಸೆರಗಿನ ತುದಿಯಲ್ಲಿ ಅರಳಿನ ಗಂಟು.

"ಇವತ್ತು ನಮ್ಮ ದಾರಿಯ ಬೆಕ್ಕುಗಳು ಕೂಡ ನನ್ನ ಹಿಂದೆ ಬರ್ಲಿಲ್ಲ" ಎಂದು ನಕ್ಕರು.

ಬಂಟವಾಳ ದಾಟಿದ ಮೇಲೆ ರಸ್ತೆ ಅಂಕುಡೊಂಕಾಗಿ ಹೋಯಿತು. ಖಾಲಿ ಹೊಟ್ಟೆಯಲ್ಲಿದ್ದ ಅಮ್ಮಣ್ಣಿಯಕ್ಕನಿಗೆ ತಲೆ ತಿರುಗಿತು. ನನ್ನ ಗೆಳತಿ ಗೆರ್ಟ್ರೂಡ್ ಕಿಟಕಿಯ ಜಾಗವನ್ನು ಅವರಿಗೆ ಬಿಟ್ಟುಕೊಟ್ಟು, ತನ್ನ ಕರವಸ್ತ್ರವನ್ನು ಒದ್ದೆ ಮಾಡಿ ಅವರ ಹಣೆ ಒರೆಸಿದಳು. ಆಮೇಲೆ ಟಿಫಿನ್ ಡಬ್ಬ ತೆರೆದು, ಬಾಳೆಲೆಯ ತುಂಡಿನಲ್ಲಿ ನಮ್ಮಿಬ್ಬರಿಗೂ ಒಂದೊಂದು ಕಟ್ಲೆಟ್ ಕೊಟ್ಟಳು.

"ತಿನ್ನಿ ಅಕ್ಕ. ನೀವು ವ್ರತದಲ್ಲಿದ್ದೀರಿ ಅಂತ ಹೇಮಾಕ್ಷಿ ಹೇಳಿದ್ಳು. ನಮಗೂ ಶುಕ್ರವಾರ ಮಾಂಸ ಆಗುವುದಿಲ್ಲ. ನಿಮಗೋಸ್ಕರ ಅಂತಲೇ ಅಮ್ಮ ಬೆಳಿಗ್ಗೆ ಬೇಗ ಎದ್ದು ಕಟ್ಲೆಟ್ ಮಾಡಿದ್ದಾರೆ."

ಅಮ್ಮಣ್ಣಿಯಕ್ಕ ಒಂದು ತುಂಡು ಕಚ್ಚಿದರು. ಅವರ ದವಡೆ ನಿಂತುಬಿಟ್ಟಿತು. ನಾನು ನನ್ನ ಕಟ್ಲೆಟನ್ನು ಮುರಿದು ನೋಡಿದೆ. ಬಟಾಟೆಯ ನಡುವೆ ಬಿಳಿ ಬಿಳಿ ಮೀನಿನ ಎಸಳು. ಗೆರ್ಟ್ರೂಡಳದು ಕ್ರೈಸ್ತರ ಮನೆ, ಅಲ್ಲಿ ಮಾಂಸ ಬಿಟ್ಟ ದಿನ ಮೀನೇ ಊಟ. ವ್ರತವೆಂದರೆ ಅವಳಿಗೆ ಅಷ್ಟೇ ಗೊತ್ತಿದ್ದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮಣ್ಣಿಯಕ್ಕನ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು.

"ಚೆನ್ನಾಗಿದೆಯಾ ಅಕ್ಕ?" ಗೆರ್ಟ್ರೂಡ್ ಅವರ ಮುಖವನ್ನೇ ನೋಡುತ್ತಿದ್ದಳು.

ಅವರು ನುಂಗಿದರು. "ಭಾರೀ ಒಳ್ಳೆದುಂಟು ಮಗಾ. ನಿನ್ನ ಅಮ್ಮನ ಕೈ ಒಳ್ಳೆದು." ಉಳಿದದ್ದನ್ನೂ ಪೂರ್ತಿ ತಿಂದು ಮುಗಿಸಿದರು. ನಾನು ನನ್ನದನ್ನು ಬಾಳೆಲೆಯಲ್ಲಿ ಮೆಲ್ಲನೆ ಸುತ್ತಿಟ್ಟೆ.

ಜಲಪಾತದ ಬುಡದಲ್ಲಿ ನಾವೆಲ್ಲ ಸೀರೆ ಒದ್ದೆ ಮಾಡಿಕೊಂಡು ಕೂಗಾಡಿದೆವು. ಬಂಡೆಯ ತುದಿಗೆ ಹತ್ತಿ, ಪಡುವಣಕ್ಕೆ ಕಂಡ ಬಿಳಿ ಗೆರೆ ಕಡಲೋ ಮಂಜೋ ಎಂದು ಜಗಳವಾಡಿದೆವು. ಅಮ್ಮಣ್ಣಿಯಕ್ಕ ನಮ್ಮ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟುಕೊಂಡು ಕೆಳಗೆ ಕಾದು ಕೂತಿದ್ದರು. ಸಂಜೆ ದೇವಸ್ಥಾನದ ಹತ್ತಿರ ಬಂದಾಗ ಹೊಳೆಗೆ ಇಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಒಂದು ಅಶ್ವತ್ಥಕಟ್ಟೆ ಇತ್ತು. ಅವರು ಅಲ್ಲೇ ಕೂತುಬಿಟ್ಟರು.

"ಕಾಲು ನೋಯ್ತದೆ. ನೀವು ಹೋಗಿ" ಎಂದು ಗೆರ್ಟ್ರೂಡಳನ್ನು ಮುಂದೆ ಕಳಿಸಿದರು.

ಅವಳು ದೂರ ಹೋದ ಮೇಲೆ ನಾನು ಅಂಗಲಾಚಿದೆ. "ಗೊತ್ತಿಲ್ಲದೆ ತಿಂದದ್ದಲ್ವಾ ಅಕ್ಕ? ಇಲ್ಲೇ ಬಾಯಿ ಮುಕ್ಕಳಿಸಿ ಬನ್ನಿ. ದೂರದಿಂದಲೇ ನೋಡಿ."

"ಮೊದಲ ತುಂಡು ಗೊತ್ತಿಲ್ಲದೆ. ಆಮೇಲಿನದ್ದು ಗೊತ್ತಿದ್ದೇ ತಿಂದದ್ದು. ಬಾಯಿ ತೊಳೆದರೆ ಹೊಟ್ಟೆ ತೊಳೆದ ಹಾಗೆ ಆಗ್ತದಾ?" ಅವರು ಸೆರಗಿನ ಗಂಟು ಬಿಚ್ಚಿ ಅರಳನ್ನು ನನ್ನ ಬೊಗಸೆಗೆ ಸುರಿದರು. "ಆ ಹುಡುಗಿಗೆ ಹೇಳ್ಬೇಡ. ಪಾಪ, ಅದರ ಅಮ್ಮ ನನಗೆ ಅಂತ ಎದ್ದು ಮಾಡಿದ್ದು. ನೀನು ಹಾಕು, ಸರಿಯಾಗಿ ನೋಡ್ಕೊಂಡು ಬಾ."

ನಾನು ಹಾಕಿದೆ. ನೀರಿಗೆ ಅರಳು ಬೀಳುವ ಮೊದಲೇ ಕಪ್ಪು ಬೆನ್ನುಗಳು ಒತ್ತೊತ್ತಾಗಿ ಬಂದವು. ಒಂದು ನನ್ನ ಅಂಗೈಯನ್ನೇ ಚೀಪಿತು. ತಲೆಯೆತ್ತಿ ನೋಡಿದರೆ ಅಮ್ಮಣ್ಣಿಯಕ್ಕ ಕಟ್ಟೆಯ ಮೇಲೆ ಕುತ್ತಿಗೆ ಉದ್ದ ಮಾಡಿ ಕೂತಿದ್ದರು. ಅಲ್ಲಿಂದ ಅವರಿಗೆ ನಮ್ಮ ಬೆನ್ನುಗಳಲ್ಲದೆ ಬೇರೆ ಏನೂ ಕಾಣುವಂತಿರಲಿಲ್ಲ.

ಹಿಂದಿರುಗುವಾಗ ಗೆರ್ಟ್ರೂಡ್ ಅವರಿಗೆ ಮಾತು ಕೊಟ್ಟಳು. "ಬರುವ ವರ್ಷ ನಿಮ್ಮನ್ನು ಎತ್ತಿಕೊಂಡಾದರೂ ಇಳಿಸ್ತೇನೆ ಅಕ್ಕ."

"ನನ್ನನ್ನು ಎತ್ತುವುದಾ? ಮೊದಲು ನನ್ನ ಬುಟ್ಟಿ ಎತ್ತಿ ನೋಡು" ಎಂದರು ಅವರು. ಬಸ್ಸಿನಲ್ಲಿ ಎಲ್ಲರೂ ನಕ್ಕರು.

ಮರುವರ್ಷ ಯುದ್ಧ ಬಂತು. ಬಸ್ಸುಗಳು ಕಡಿಮೆಯಾದವು, ಪ್ರವಾಸ ನಿಂತೇ ಹೋಯಿತು. ಗೆರ್ಟ್ರೂಡ್ ಮದುವೆಯಾಗಿ ಬೊಂಬಾಯಿಗೆ ಹೋದಳು. ಅಮ್ಮಣ್ಣಿಯಕ್ಕ ಮಾತ್ರ ಬುಟ್ಟಿ ಇಳಿಸಿದಾಗಲೆಲ್ಲ ಕೇಳುತ್ತಿದ್ದರು: "ಅದಕ್ಕೆ ಮೀಸೆ ಇತ್ತಾ ಹೇಮಾಕ್ಷಿ? ಕೈ ಚೀಪುವಾಗ ಹಲ್ಲು ತಾಗಿತಾ?" ನಾನು ಪ್ರತಿ ಸಲವೂ ಮೊದಲಿನಿಂದ ಹೇಳುತ್ತಿದ್ದೆ. ಅವರು ಎಲೆ ಜಗಿಯುವುದನ್ನು ಮರೆತು ಕೇಳುತ್ತಿದ್ದರು. ಯುದ್ಧ ಮುಗಿಯುವ ಮೊದಲು, ಒಂದು ಮಳೆಗಾಲದ ಜ್ವರದಲ್ಲಿ ಅವರು ತೀರಿಕೊಂಡರು.

ಬಸ್ಸು ಮತ್ತೆ ಸರಿಯಾಗಿ ಓಡತೊಡಗಿದಾಗ ಗೆರ್ಟ್ರೂಡ್ ಊರಿಗೆ ಬಂದಳು. ಅವಳ ಅಮ್ಮನೂ ಅಷ್ಟರಲ್ಲಿ ಹೋಗಿದ್ದರು. ಅಮ್ಮಣ್ಣಿಯಕ್ಕನ ಸುದ್ದಿ ಕೇಳಿ ಅವಳು ನಮ್ಮ ಅಂಗಳದಲ್ಲಿ ಅವರು ಬುಟ್ಟಿ ಇಳಿಸುತ್ತಿದ್ದ ಜಾಗದಲ್ಲೇ ಕೂತಳು.

"ಮಾತು ಕೊಟ್ಟಿದ್ದೆ. ಆಗ್ಲಿಲ್ಲ ನೋಡು" ಎಂದಳು. "ಆದರೆ ಆ ದಿನ ಅಮ್ಮನ ಕಟ್ಲೆಟನ್ನು ಎಷ್ಟು ಖುಷಿಯಿಂದ ತಿಂದ್ರು, ಅಲ್ವಾ? ಮನೆಗೆ ಹೋಗಿ ಹೇಳಿದಾಗ ಅಮ್ಮನಿಗೆ ಆದ ಸಂತೋಷ! ಸಾಯುವವರೆಗೂ ಹೇಳ್ತಿದ್ರು. ನಿನಗೆ ನೆನಪುಂಟಾ?"

ನನ್ನ ಮೊಣಕಾಲಿನ ಮೇಲೆ ಆ ಕೈ ಇನ್ನೂ ಒತ್ತಿಕೊಂಡಿದ್ದಂತಿತ್ತು.

"ಉಂಟು" ಎಂದೆ. "ಪೂರ್ತಿ ತಿಂದಿದ್ರು."